ಕೋಳಿ ಸಾಕದ ಊರಿನವರು

ಅವ್ವ ಧಾರವಾಡದಿಂದ ಇಂಗ್ಲೆಂಡಿನ ಬೀಸ್ಟನ್‌ನ ನಮ್ಮ ಮನೆಗೆ ಬಂದ ಹೊಸತರಲ್ಲೇ ಪಕ್ಕದ ಮನೆಯ ಜಪಾನಿ ಅಜ್ಜಿ ಒಂದು ಬುಟ್ಟಿ ತತ್ತಿ ತಂದುಕೊಟ್ಟರು. ಇಲ್ಲಿಯವರನ್ನು ಮದುವೆಯಾಗಿ ಬಂದವರು ಅವರು. ಗಂಡ ತೀರಿಕೊಂಡ ಮೇಲೆ ಹಿತ್ತಲಲ್ಲಿ ಕೋಳಿ ಸಾಕಿಕೊಂಡು ಒಬ್ಬರೇ ಇದ್ದರು. ನಮ್ಮದು ಲಿಂಗ ಕಟ್ಟಿದ ಮನೆ, ಅವ್ವ ತತ್ತಿ ಮುಟ್ಟುವವಳಲ್ಲ. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಬರಿದೇ ತಿರುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಮರುದಿನ ಶೇಂಗಾ ಹೋಳಿಗೆ ಮಾಡಿಕೊಂಡು, ತತ್ತಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ತಾನೂ ಹಿಂದೆ ಬಂದಳು.

ನಾನು ಸಂಕೋಚದಿಂದ ವಿಷಯ ತಿಳಿಸಿದೆ. ಅಜ್ಜಿ ಬೇಸರಪಡಲಿಲ್ಲ. ತಮ್ಮ ತವರೂರಿನಲ್ಲೂ ಯಾರೂ ಕೋಳಿ ಸಾಕುತ್ತಿರಲಿಲ್ಲ ಎಂದರು. ಕೋಳಿ ಕೂಗಿದರೆ ಬೆಟ್ಟದ ಮರೆಯಲ್ಲಿ ಮನೆಗಳಿವೆಯೆಂದು ಶತ್ರುಗಳಿಗೆ ಗೊತ್ತಾದೀತೆಂಬ ಹಳೆಯ ಭಯವಂತೆ. ಯಾವ ಶತ್ರು ಎಂದು ಅವ್ವ ನನ್ನಿಂದ ಕೇಳಿಸಿದಳು. ಅಜ್ಜಿ ಚಹಾ ಕೊಟ್ಟು ಹೇಳತೊಡಗಿದರು, ನಾನು ಕನ್ನಡದಲ್ಲಿ ತಿಳಿಸುತ್ತ ಹೋದೆ.

ಅವರ ಊರಿನವರು ತೈರಾ ಎಂಬ ಸಮುರಾಯ್ ಮನೆತನದ ಕುಡಿಗಳಂತೆ. ನಿಜವೋ ಸುಳ್ಳೋ, ಎಲ್ಲರೂ ಹಾಗೆ ನಂಬಿದ್ದರು. ನೂರಾರು ವರ್ಷಗಳ ಹಿಂದೆ ತೈರಾಗಳು ಅರಮನೆಯ ಬರೀ ಕಾವಲಿನವರು. ಪಡುವಣ ಕಡಲಿನ ಕಳ್ಳರನ್ನು ಅಡಗಿಸಿ ಹೆಸರು ಮಾಡಿದರು. ಅವರ ಹಿರಿಯನೊಬ್ಬ ಮಂತ್ರಿಗಳಿಗೆಲ್ಲ ಮೇಲಾಗಿ, ಮಗಳನ್ನು ಚಕ್ರವರ್ತಿಗೇ ಕೊಟ್ಟ. ಅವಳ ಕೂಸು ಹಾಲುಗಲ್ಲದ ವಯಸ್ಸಿನಲ್ಲೇ ಪಟ್ಟಕ್ಕೇರಿತು. ಆಮೇಲೆ ಆ ಹಿರಿಯ ಜ್ವರದಲ್ಲಿ ಸತ್ತ. ಎದುರಾಳಿ ಮನೆತನ ತೈರಾಗಳನ್ನು ರಾಜಧಾನಿಯಿಂದ ಅಟ್ಟಿ, ಕೊನೆಗೆ ಸಮುದ್ರದಲ್ಲಿ ಸುತ್ತುವರಿಯಿತು. ಸೋಲು ಖಚಿತವಾದಾಗ ಆ ಹಿರಿಯನ ಹೆಂಡತಿ ಮೊಮ್ಮಗನಾದ ಪುಟ್ಟ ಚಕ್ರವರ್ತಿಯನ್ನು ಎತ್ತಿಕೊಂಡು ನೀರಿಗೆ ಹಾರಿದಳು. ತಪ್ಪಿಸಿಕೊಂಡ ಕೆಲವರು ಬೆಟ್ಟ ಸೇರಿದರು.

ಅವ್ವ ಕಪ್ಪು ಕೆಳಗಿಟ್ಟಳು. "ಆ ಕೂಸಿನ ತಾಯಿ ಏನಾದ್ಲಂತ, ಕೇಳು."

ಅವಳೂ ಹಾರಿದ್ದಳು. ಶತ್ರುಗಳೇ ಕೂದಲಿಗೆ ಕೊಕ್ಕೆ ಹಾಕಿ ಮೇಲೆಳೆದರಂತೆ. ಸನ್ಯಾಸಿನಿಯಾಗಿ, ಬೆಟ್ಟದ ಸಣ್ಣ ಗುಡಿಸಲಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸುತ್ತ ಬಾಳಿದಳು.

"ಉಳಿದ್ಲಲ್ಲ, ಪುಣ್ಯ," ಎಂದಳು ಅವ್ವ. "ಸತ್ತವರ ಹೆಸರು ಹೇಳಾಕ ಒಬ್ಬರರ ಬೇಕು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜಿ ಅವ್ವನ ಕೈ ಹಿಡಿದುಕೊಂಡರು. ಆಮೇಲೆ ನಗುತ್ತ ಇನ್ನೊಂದು ಮಾತು ನೆನೆದರು. ಇಲ್ಲಿ ಮೊದಲ ಸಲ ಕೋಳಿ ತಂದ ದಿನ ತಮ್ಮ ತಾಯಿಗೆ ಫೋನ್ ಮಾಡಿದ್ದರಂತೆ. ಆ ಮುದುಕಿ ತುಂಬ ಯೋಚಿಸಿ, "ಅಷ್ಟು ದೂರ ಯಾರೂ ಹುಡುಕಿಕೊಂಡು ಬರಲಿಕ್ಕಿಲ್ಲ, ಸಾಕಿಕೋ," ಎಂದು ಒಪ್ಪಿಗೆ ಕೊಟ್ಟರಂತೆ.

ಆ ಬೇಸಿಗೆಯೆಲ್ಲ ಇಬ್ಬರೂ ಅವರ ಹಿತ್ತಲ ಬೆಂಚಿನ ಮೇಲೆಯೇ. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅವ್ವ ತನ್ನ ತವರಿನ ಕಡೆಯ ಕಿತ್ತೂರು ಕೋಟೆ ಬಿದ್ದ ಕಥೆ ಹೇಳುತ್ತಿದ್ದಳು, ಅಪ್ಪಟ ಧಾರವಾಡ ಕನ್ನಡದಲ್ಲಿ. ಗೋಡೆ ಎಷ್ಟು ಎತ್ತರವಿತ್ತೆಂದು ಕೈಯೆತ್ತಿ ತೋರಿಸಿದಳು. ಅಜ್ಜಿ ಬಟಾಣಿ ಸುಲಿಯುತ್ತ ತಲೆದೂಗುತ್ತಿದ್ದರು. ಇಂಗ್ಲಿಷಿನಲ್ಲಿ ತಿಳಿಸೆಂದು ಇಬ್ಬರೂ ನನ್ನನ್ನು ಕರೆಯಲಿಲ್ಲ. ನಾನೂ ಒಂದು ಹಿಡಿ ಬಟಾಣಿ ತೆಗೆದುಕೊಂಡು ಹುಲ್ಲಿನ ಮೇಲೆ ಕೂತೆ.