ಊರಿನ ಪಾಸ್‌ವರ್ಡೆಲ್ಲ ಒಂದೇ ವಹಿಯಲ್ಲಿ

ಅಫಜಲಪುರದ ಬಸ್ ನಿಲ್ದಾಣದ ಎದುರಿಗೆ ಫರಹೀನಳ ಆನ್‌ಲೈನ್ ಸೆಂಟರ್ ಇದೆ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಅಂಗಡಿಕಾರರ ಜಿಎಸ್‌ಟಿ ಕಾಗದ ಕಳಿಸುವುದು ಏಳೆಂಟು ವರ್ಷಗಳಿಂದ ಅವಳ ಕೆಲಸ. ಇಮೇಲ್ ಬೇಕೆಂದು ಬಂದವರಿಗೆ ಅವಳೇ ತೆರೆದು ಕೊಡುತ್ತಿದ್ದಳು. ಪಾಸ್‌ವರ್ಡ್ ಏನಿಡಲಿ ಎಂದರೆ ಎಲ್ಲರದೂ ಒಂದೇ ಮಾತು: "ನೀವೇ ಏನರೆ ಇಡ್ರಿ, ನಿಮ್ಮ ಹಂತೇಕೇ ಇರ್ಲಿ." ಅವಳು ಅವರವರ ಹೆಸರಿನ ಮುಂದೆ ಒಂದು ಎರಡು ಮೂರು ಸೇರಿಸಿ, ದಪ್ಪ ವಹಿಯೊಂದರಲ್ಲಿ ಬರೆದಿಡುತ್ತಿದ್ದಳು. ಜನ ಮರೆತು ಬಂದು ನಾಲ್ಕು ಸಲ ತಪ್ಪೊತ್ತಿ ಖಾತೆ ಲಾಕ್ ಮಾಡಿಕೊಳ್ಳುವ ಕಾಟಕ್ಕಿಂತ ಅದೇ ವಾಸಿ ಎನಿಸಿತ್ತು.

ಕಳೆದ ಜುಲೈನಲ್ಲಿ, ಬೆಳೆವಿಮೆ ಅರ್ಜಿಗಳ ಗದ್ದಲದ ನಡುವೆ, ಆ ವಹಿ ಕಾಣೆಯಾಯಿತು.

ಪ್ರಿಂಟರಿನ ಕೆಳಗೆ, ಕಾಗದದ ಕಟ್ಟುಗಳ ನಡುವೆ, ಕಸದ ಬುಟ್ಟಿಯಲ್ಲಿ ಎಲ್ಲ ಹುಡುಕಿದಳು. ಸುಮಾರು ನಾನೂರು ಜನರ ಪಾಸ್‌ವರ್ಡು ಅದರಲ್ಲಿತ್ತು. ಕಂಪ್ಯೂಟರ್ ಗೊತ್ತಿದ್ದವರ ಕೈಗೆ ಸಿಕ್ಕರೆ ಅರ್ಧ ಊರಿನ ಕಾಗದಪತ್ರ ಅವರದೇ. ಗಂಡ ಶರಫುದ್ದೀನ, ಯಾರಿಗೂ ಹೇಳಬೇಡ, ಎಲ್ಲಿಯೋ ಸಿಕ್ಕೀತು ಎಂದ. ಅದು ಅವಳ ಮನಸ್ಸಿಗೆ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆಯೇ ಒಬ್ಬೊಬ್ಬರಿಗೆ ಫೋನು ಮಾಡತೊಡಗಿದಳು.

ಮೊದಲು ಸಿಕ್ಕವರು ಗೊಬ್ಬರದಂಗಡಿಯ ಬಸವಂತರಾಯ.

"ಸಾವಕಾರ್ರ, ನಿಮ್ಮ ಪಾಸ್‌ವರ್ಡ್ ಇವತ್ತೇ ಬದಲ್ ಮಾಡ್ರಿ. ಬರದಿಟ್ಟಿದ್ದ ವಹಿ ಕಳದದ. ತಪ್ಪು ನಂದೇ."

"ನೀವೇ ಬದಲ್ ಮಾಡ್ರೆವ್ವಾ. ಮಾಡಿ ಬರದಿಟ್ಕೋರಿ."

"ಬರದಿಟ್ಟಿದ್ದೇ ಕಳದದಂತ ಹೇಳಾಕತ್ತೇನಲ್ರಿ!"

"ಹಂಗಾದ್ರ ಹೊಸಾ ವಹಿ ತಗೋರಿ."

ಅವಳು ಹಣೆಗೆ ಕೈ ಹಚ್ಚಿಕೊಂಡಳು. ಇನ್ನೊಬ್ಬರು ತಮ್ಮ ಖಾತೆಯಲ್ಲಿ ಕದಿಯುವಂಥದ್ದು ಏನೂ ಇಲ್ಲ ಎಂದರು. ಮತ್ತೊಬ್ಬರು ತಮಗೆ ಇಮೇಲ್ ಇರುವುದೇ ಗೊತ್ತಿಲ್ಲವೆಂದರು. ಚೌಡಾಪುರದಲ್ಲಿ ಖಾನಾವಳಿ ನಡೆಸುವ ಗೌರಾಬಾಯಿಗೆ ಫೋನು ಹಚ್ಚಿ "ನಿಮ್ಮ ಮೊಬೈಲಿಗೆ ಒಂದು ನಂಬರ್ ಬರ್ತದ..." ಅನ್ನುವಷ್ಟರಲ್ಲಿ ಆಕೆ ಗದರಿದಳು.

"ಫೋನಿನ್ಯಾಗ ಯಾರು ಕೇಳಿದ್ರೂ ನಂಬರ್ ಹೇಳಬ್ಯಾಡ ಅಂತ ಫರಹೀನ ಹೇಳ್ಯಾಳ. ಇಡು ಫೋನು!"

"ನಾನೇ ಫರಹೀನ ಇದ್ದೇನವ್ವಾ!"

ಫೋನು ಕಟ್ಟಾಗಿತ್ತು. ಫರಹೀನಳಿಗೆ ಸಿಟ್ಟೂ ಬಂತು, ಒಳಗೊಳಗೆ ಸಮಾಧಾನವೂ ಆಯಿತು. ಇಷ್ಟು ವರ್ಷ ಹೇಳಿದ್ದನ್ನು ಒಬ್ಬಳಾದರೂ ಕಿವಿಗೆ ಹಾಕಿಕೊಂಡಿದ್ದಳು. ಮರುದಿನ ಗೌರಾಬಾಯಿ ಬಸ್ ಹತ್ತಿ ತಾನೇ ಬಂದು, ಎದುರಿಗೆ ಕೂತು ಪಾಸ್‌ವರ್ಡ್ ಬದಲಿಸಿಕೊಂಡು ಹೋದಳು.

ಐದನೆಯ ದಿನ ಸೈದಪ್ಪನೆಂಬ ರೈತ ಚೀಲದಿಂದ ಆ ವಹಿ ತೆಗೆದು ಮೇಜಿನ ಮೇಲಿಟ್ಟ. ವಿಮೆಯ ಕಾಗದಗಳ ಜೊತೆಗೆ ಅದನ್ನೂ ಎತ್ತಿಕೊಂಡು ಹೋಗಿದ್ದನಂತೆ.

"ಕಾಕಾ, ಯಾರಿಗರೆ ತೋರ್ಸೀರೇನು?"

"ಇಲ್ಲಬೇ ತಂಗಿ. ಬಸ್ಸಿನ್ಯಾಗ ಬಾಜೂ ಕುಂತಾಂವ ಒಂದೀಟು ತಿರುವಿ ನೋಡ್ದ, ಅಷ್ಟೇ."

ವಹಿ ಸಿಕ್ಕಿತೆಂದು ಫರಹೀನ ಕೆಲಸ ನಿಲ್ಲಿಸುವಂತಿರಲಿಲ್ಲ. ಉಳಿದವರನ್ನೂ ಕರೆಸಿದಳು, ಬಾರದವರ ಮನೆಗೇ ಹೋದಳು. ಎಲ್ಲ ಮುಗಿಯಲು ಇಪ್ಪತ್ತೆರಡು ದಿನ ಹಿಡಿಯಿತು. ಆಮೇಲೆ ವಹಿಯನ್ನು ಹಿತ್ತಲಲ್ಲಿ ಹಾಳೆ ಹಾಳೆ ಹರಿದು ಸುಟ್ಟಳು.

ಈಗ ಅವಳು ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಗಿರಾಕಿಗೆ ಕೀಬೋರ್ಡ್ ಕೊಟ್ಟು ತಾನು ಗೋಡೆ ಕಡೆ ತಿರುಗುತ್ತಾಳೆ. "ಹೆಸರು ಬ್ಯಾಡ, ಹುಟ್ಟಿದ ತಾರೀಖು ಬ್ಯಾಡ. ನಾಕು ಬ್ಯಾರೆ ಬ್ಯಾರೆ ಮಾತು ಜೋಡಿಸ್ರಿ. ಬ್ಯಾಂಕಿಗೆ ಇಟ್ಟಿದ್ದು ಇಲ್ಲಿ ಇಡಬ್ಯಾಡ್ರಿ," ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾಳೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಜನರಿಂದ ಸಾಲು ರಸ್ತೆಗೆ ಬರುತ್ತದೆ. ಕೆಲವರು ಬೇಸತ್ತು, ಈಗಲೂ ಎಲ್ಲ ಬರೆದಿಟ್ಟುಕೊಳ್ಳುವ ಇನ್ನೊಂದು ಸೆಂಟರಿಗೆ ಹೋಗಿದ್ದಾರೆ. ಹೋಗುವವರನ್ನು ಅವಳು ತಡೆಯುವುದಿಲ್ಲ.

ಮೊನ್ನೆ ಒಬ್ಬಾತ ಹೊಸ ಪಾಸ್‌ವರ್ಡ್ ಇಟ್ಟ ಖುಷಿಗೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅದನ್ನು ಒದರಿ ಹೇಳಿದ. ಫರಹೀನ ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದಳು.