ಮಗ್ಗದ ಮನೆಯಲ್ಲಿ ಒಂದು ಅಸೈಡ್

ನಾಟಕ ಓದುವ ಮಕ್ಕಳಿಗೆ ಮೊದಲು ಕೈಕೊಡುವ ಟರ್ಮ್ ಅಸೈಡ್. ಸಾಲಿಲಕ್ವಿ ಎಲ್ಲರಿಗೂ ತಿಳಿಯುತ್ತದೆ. ಒಬ್ಬರೇ ನಿಂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವುದು, ಅಷ್ಟೆ. ಅಸೈಡ್‌ನಲ್ಲಿ ಪಕ್ಕದಲ್ಲೇ ಜನ ಇರುತ್ತಾರೆ. ಪಾತ್ರದ ಮಾತು ಪ್ರೇಕ್ಷಕರಿಗೆ ಕೇಳಿಸುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ. ಅದಕ್ಕೆ ಅಂಗೈಯನ್ನು ಕೆನ್ನೆಗೆ ಅಡ್ಡ ಹಿಡಿಯಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ಆ ಸ್ಟೇಜಿನ ಹಲಗೆಯ ವಾಸನೆ, ಮುಖದ ಪೌಡರಿನ ಘಮ ಈಗಲೂ ಒಮ್ಮೊಮ್ಮೆ ಬಂದು ಹೋಗುತ್ತವೆ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಎದುರುಮನೆಯವರದು ಪವರ್‌ಲೂಮ್. ಅವರ ಮಗಳು ಡಿಗ್ರಿಯಲ್ಲಿ ಇಂಗ್ಲಿಷ್ ತೆಗೆದುಕೊಂಡಿದ್ದಾಳೆ. ಮಧ್ಯಾಹ್ನ ಅಮ್ಮ ಊಟಕ್ಕೆ ಹೋದಾಗ ಮಗ್ಗ ನೋಡಿಕೊಳ್ಳುವ ಕೆಲಸ ಅವಳದು. ಹಾಗಾಗಿ ಹೋದ ವರ್ಷ ನಾನೇ ಅಲ್ಲಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಮಗ್ಗಗಳ ಸದ್ದಿನಲ್ಲಿ ಅವಳ ಕಿವಿಯ ಹತ್ತಿರ ಕೂಗಿಕೊಂಡು ಪಾಠ ಹೇಳುತ್ತಿದ್ದೆ.

ಅಸೈಡ್ ವಿವರಿಸಿದ ದಿನ ಅವಳು ನಕ್ಕುಬಿಟ್ಟಳು. ಅದು ತಮ್ಮ ಮನೆಯಲ್ಲಿ ದಿನಾ ನಡೆಯುವುದಂತೆ. ಮಗ್ಗ ಓಡುವಾಗ ಅಮ್ಮ ಅಪ್ಪನ ಬೆನ್ನ ಹಿಂದೆಯೇ ನಿಂತು ಅಪ್ಪನನ್ನು ಬೈಯುತ್ತಾಳಂತೆ. ಅಪ್ಪ ತಿರುಗಿ ನೋಡಿದರೆ ಮಾತ್ರ ಅಪಾಯ, ಏಕೆಂದರೆ ಆ ಸದ್ದಿನಲ್ಲಿ ಬೆಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಎಕ್ಸಲೆಂಟ್, ಪರೀಕ್ಷೆಯಲ್ಲಿ ಇದನ್ನೇ ಬರಿ ಎಂದೆ.

ಅವಳ ನಗು ನಿಂತಿತು. ಆಚೆ ತುದಿಯ ಮಗ್ಗದಲ್ಲಿ ಅಪ್ಪ ಬೆನ್ನು ಮಾಡಿ ನಿಂತಿದ್ದರು. ಭಾನುವಾರ ವಿಜಯಪುರದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಓದು ಅಲ್ಲಿಗೇ ನಿಲ್ಲುತ್ತದೆ. ಅವಳು ಅಂಗೈಯನ್ನು ಕೆನ್ನೆಗೆ ಅಡ್ಡ ಹಿಡಿದು ಏನನ್ನೋ ಕೂಗತೊಡಗಿದಳು. ಮಾತಿನ ಅರ್ಧಕ್ಕೆ ಕರೆಂಟು ಹೋಯಿತು.

"ಡಿಗ್ರಿ ಮುಗಿಯೋವರ್ಗೂ ಯಾರ ಮುಂದೂ ಕಾಫಿ ಹಿಡ್ಕೊಂಡು ನಿಂತ್ಕೊಳಲ್ಲ ಆಂಟಿ!"

ಮಗ್ಗಗಳೆಲ್ಲ ನಿಂತ ಮೌನದಲ್ಲಿ ಆ ಕೂಗು ಬೀದಿಯವರೆಗೂ ಹೋಗಿರಬೇಕು. ಅಪ್ಪ ತಿರುಗಿದರು.

"ಏನ್ ಮೇಡಂ, ಇದೇನಾ ನೀವು ಹೇಳ್ಕೊಡ್ತಿರೋ ನಾಟ್ಕ?"

ನಾನು ಸ್ಟೂಲಿನಿಂದ ಏಳಲಿಲ್ಲ. "ಪಾಠ ನಂದು, ಡೈಲಾಗ್ ಅವಳ್ದೇ ಕಣಪ್ಪ. ನಿನಗೆ ಕೇಳಿಸ್ದೆ ಇದ್ದಿದ್ರೆ ಅಸೈಡ್ ಅಂತ ಬಿಡಬಹುದಿತ್ತು. ಕೇಳಿಸ್ಕೊಂಡ್ಬಿಟ್ಟೆಯಲ್ಲ, ಇನ್ನು ಉತ್ತರ ಕೊಡೋ ಸರದಿ ನಿಂದು."

ಅವರು ನಿಧಾನವಾಗಿ ಹೆಗಲ ಮೇಲಿನ ಟವಲಿನಲ್ಲಿ ಕೈ ಒರೆಸಿಕೊಂಡರು. ಮಗಳು ತಲೆ ತಗ್ಗಿಸಲಿಲ್ಲ. ಸ್ಟೇಜಿನಲ್ಲಿ ಇನ್ನೊಬ್ಬರು ಮಾತಿಗೆ ಮೊದಲು ತೆಗೆದುಕೊಳ್ಳುವ ಪಾಜ್ ಅನ್ನು ನೀವು ಮಾತಾಡಿ ಕೆಡಿಸಬೇಡಿ ಎನ್ನುತ್ತಿದ್ದರು ಸಿಸ್ಟರ್. ನಾನೂ ಕಷ್ಟಪಟ್ಟು ಸುಮ್ಮನಿದ್ದೆ.

ಕರೆಂಟು ಬಂತು. ಮಗ್ಗಗಳು ಮತ್ತೆ ಹೊಡೆದುಕೊಳ್ಳತೊಡಗಿದವು. ಆಗ ಅಪ್ಪನ ತುಟಿ ಅಲುಗಿತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಮಗಳು ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು.

ಏನಂದರು ಎಂದು ಅವಳ ತೋಳು ಜಗ್ಗಿ ಕೇಳಿದೆ. ಅವಳು ನನ್ನ ಕಿವಿಗೆ ಬಾಯಿಟ್ಟಳು.

"ಭಾನುವಾರ ಬರ್ಬೇಡಿ ಅಂತ ಫೋನ್ ಮಾಡ್ತಾರಂತೆ. ಆಮೇಲೆ, ಆ ಮಗ್ಗದಲ್ಲಿ ಎಳೆ ಕಡಿದಿದೆ, ಮಾತು ಸಾಕು, ನೋಡ್ಹೋಗು ಅಂದ್ರು."