ಆರ್ಗನ್ನಿನ ಬೆನ್ನ ಹಿಂದಿನ ತಿದಿಯಕ್ಕ

ಬೆಳಗಿನ ಐದು ಗಂಟೆ. ಸಭಾಂಗಣದ ಎಂಟುನೂರು ಕುರ್ಚಿಗಳೂ ಖಾಲಿ. ವೇದಿಕೆಯ ಮೇಲೆ ಚಾವಣಿ ಮುಟ್ಟುವಂತೆ ನಿಂತ, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಪೈಪ್ ಆರ್ಗನ್ನಿನ ಹಿಂಬದಿಗೆ ಒಂದು ಕಿರುಬಾಗಿಲಿದೆ. ತಲೆ ತಗ್ಗಿಸಿ ಒಳಹೊಕ್ಕರೆ ಕಿಟಕಿಯಿಲ್ಲದ ಕೋಣೆ, ಒಂದೇ ಬಲ್ಬು, ಸಾಲಾಗಿ ನಾಲ್ಕು ತಿದಿ. ಕಮ್ಮಾರನ ಕುಲುಮೆಯಲ್ಲಿರುವಂಥವೇ, ಆದರೆ ಒಂದೊಂದೂ ಮಂಚದಷ್ಟು ದೊಡ್ಡದು. ಐವತ್ತಾರು ವರ್ಷದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಗೋಡೆಯ ಕಂಬಿ ಹಿಡಿದು, ಮೊದಲ ಹಲಗೆಯ ಮೇಲೆ ಏರಿ ನಿಲ್ಲುತ್ತಾರೆ. ಮೈಭಾರಕ್ಕೆ ಹಲಗೆ ಇಳಿಯುತ್ತದೆ, ಆಚೆ ತುದಿಯ ತಿದಿ ಗಾಳಿ ತುಂಬಿಕೊಂಡು ಏಳುತ್ತದೆ. ಹೊರಗಿನಿಂದ ಶ್ರುತಿ ಮಾಡುವವನ ದನಿ ಬರುತ್ತದೆ: "ತಿದಿಯಕ್ಕಾ, ಗಾಳಿ ಬಂತು."

ವರ್ಷಕ್ಕೊಮ್ಮೆ ಎಂಟು ದಿನ ಇಲ್ಲಿ ಬರೋಕ್ ಸಂಗೀತೋತ್ಸವ. ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಹೊತ್ತು ಯುರೋಪಿನ ಒಂಬತ್ತು ದೇಶಗಳಿಂದ ತಂಡಗಳು ಬರುತ್ತವೆ. ನುಡಿಸುವವರಿಗೆ ಹೂಗುಚ್ಛ, ಚಪ್ಪಾಳೆ, ಪತ್ರಿಕೆಯಲ್ಲಿ ಫೋಟೊ. ಅವರ ಬೆರಳಿಗೆ ಗಾಳಿ ಒದಗಿಸುವ ಕಾಲುಗಳ ಸುದ್ದಿ ಯಾವ ಕರಪತ್ರದಲ್ಲೂ ಇಲ್ಲ. ಉಳಿದ ದಿನಗಳಲ್ಲಿ ಒಂದು ಹಳೇ ಮೋಟಾರು ಗಾಳಿ ಕೊಡುತ್ತದೆ, ಆದರೆ ಅದರ ಗುರುಗುರು ಉತ್ಸವದವರಿಗೆ ಆಗಿಬರುವುದಿಲ್ಲ. ಆಗ ತಿದಿಯಕ್ಕನೇ ಬೇಕು. ವರ್ಷದ ಮಿಕ್ಕ ದಿನ ಅವರು ಇದೇ ಸಭಾಂಗಣದ ಕಸ ಗುಡಿಸುತ್ತಾರೆ.

ಬೆಳಿಗ್ಗೆ ಶ್ರುತಿ, ಮಧ್ಯಾಹ್ನ ತಾಲೀಮು, ಸಂಜೆ ಕಛೇರಿ ಸೇರಿ ದಿನಕ್ಕೆ ಸಾವಿರದ ಮುನ್ನೂರು ಸಲವಾದರೂ ಹಲಗೆ ಏರಿಳಿಯಬೇಕು. ಎಡ ಮಂಡಿ ಊದಿಕೊಂಡಿದೆ. "ಒತ್ತೋದು ಯಾರ್ ಬೇಕಾದ್ರೂ ಒತ್ತುತಾರೆ. ಕಾಲು ತೆಗೆಯೋದಿದೆಯಲ್ಲ, ಅದನ್ನ ಕಲೀಬೇಕು. ದಡಕ್ಕಂತ ಇಳಿದ್ರೆ ಅಲ್ಲಿ ಸ್ವರ ನಡುಗುತ್ತೆ" ಎನ್ನುತ್ತಾರೆ. ಕಣ್ಣು ಮಾತ್ರ ಗೋಡೆಯ ಮೇಲೆ ದಾರದಲ್ಲಿ ತೂಗುವ ಸೀಸದ ಗುಂಡಿನ ಮೇಲೆ. ಗಾಳಿ ಎಷ್ಟು ಉಳಿದಿದೆಯೆಂದು ಹೇಳುವುದು ಅದೇ. ಕೆಂಪು ಗೆರೆ ದಾಟಲು ಬಿಟ್ಟರೆ ಮುಗಿಯಿತು ಕಥೆ.

ಈ ಕೆಲಸ ಅತ್ತೆಯಿಂದ ಬಂದದ್ದು. ಆಕೆ ಮೂವತ್ತು ವರ್ಷ ತಿದಿ ಒತ್ತಿದವರು. ಕಾಲು ಸೋತಾಗ ಸ್ವಂತ ಮಗನನ್ನು ಬಿಟ್ಟು ಸೊಸೆಯನ್ನು ಕರೆತಂದರು. "ಅವನಿಗೆ ಅನ್ನ ಬೇಯೋವರೆಗೂ ತಾಳ್ಮೆ ಇಲ್ಲ, ನೀನು ಬಾ ಅಂದ್ರು" ಎಂದು ತಿದಿಯಕ್ಕ ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ನುಡಿಸುವವರು ದಾರ ಎಳೆದರೆ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಒಮ್ಮೆ ಬಾರಿಸಿದರೆ ಗಾಳಿ ಬೇಕು, ಎರಡು ಸಲ ಬಾರಿಸಿದರೆ ಸಾಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಂಗೀತ ನಡುವೆ ತಟಕ್ಕನೆ ನಿಂತಿತು. ಮುಗಿಯಿತೆಂದುಕೊಂಡು, ಗಂಟೆಗೂ ಕಾಯದೆ ತಿದಿಯಕ್ಕ ಕೆಳಗಿಳಿದರು. ಅದು ಆ ಸಂಗೀತ ಬರೆದವನೇ ಇಟ್ಟಿದ್ದ ಮೌನ. ಮರುಕ್ಷಣ ನುಡಿಸುತ್ತಿದ್ದ ಗಡ್ಡದವನು ಎರಡೂ ಕೈ ಊರಿದಾಗ, ಇದ್ದಬದ್ದ ಗಾಳಿ ಮುಗಿದು, ಆರ್ಗನ್ನು ದಮ್ಮು ಕಟ್ಟಿದವರಂತೆ ನರಳಿ ಸುಮ್ಮನಾಯಿತು. "ಜನ ನಕ್ಕಿದ್ದು ಗೋಡೆ ಈಚೆಗೂ ಕೇಳಿಸ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು." ಅತ್ತೆ ಬೈಯಲಿಲ್ಲ. ಮಾರನೇ ದಿನ ಕುಂಟುತ್ತಾ ಬಂದು, ಇದ್ದಿಲಿನಿಂದ ಗೋಡೆಯ ಮೇಲೆ ಬರೆದು ಹೋದರು: "ಗಡ್ಡದವನು ನಿಂತ ಹಾಗೆ ಮಾಡ್ತಾನೆ, ನಿಲ್ಲಲ್ಲ." ಆ ಅಕ್ಷರ ಇಪ್ಪತ್ತು ವರ್ಷವಾದರೂ ಹಾಗೇ ಇದೆ.

ಇನ್ನು ಹೆಚ್ಚು ದಿನ ಇರುವುದಿಲ್ಲ. ಮುಂದಿನ ವರ್ಷಕ್ಕೆ ಸದ್ದೇ ಮಾಡದ ಹೊಸ ಮೋಟಾರು ಬರುತ್ತಿದೆ. ತಿದಿಗಳನ್ನು ಬಿಚ್ಚಿ, ಕೋಣೆಗೆ ಸುಣ್ಣ ಹೊಡೆಯುತ್ತಾರಂತೆ. ಇಂದು ಉತ್ಸವದ ಕೊನೆಯ ದಿನ, ತಿದಿಯಕ್ಕನಿಗೂ ಇದೇ ಕೊನೆ. ವ್ಯವಸ್ಥಾಪಕರು ಒಳ್ಳೆಯ ಮನುಷ್ಯ. ಮುಂದಿನ ಉತ್ಸವಕ್ಕೆ ಮೊದಲ ಸಾಲಿನ ಟಿಕೆಟ್ಟೊಂದನ್ನು ಕೈಗಿಟ್ಟು, "ಇನ್ಮೇಲೆ ಆರಾಮಾಗಿ ಕೂತು ಕೇಳಿ" ಎಂದಿದ್ದಾರೆ. ಅದನ್ನು ಮಡಚಿ ಚೀಲದ ತಳಕ್ಕೆ ಹಾಕಿಕೊಂಡವರು ಮತ್ತೆ ತೆಗೆದು ನೋಡಿಲ್ಲ.

ಬೆಳಗಿನ ಶ್ರುತಿ ಮುಗಿಸಿ ಹತ್ತು ಗಂಟೆಗೆ ಮನೆ. ಎರಡು ಕೋಣೆಯ ಆ ಮನೆಯಲ್ಲಿ ಎಂಬತ್ತನಾಲ್ಕರ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಕಣ್ಣೂ ಕೈಕೊಟ್ಟಿದೆ. ಸೊಸೆಯ ಹೆಜ್ಜೆ ಸದ್ದಿಗೇ ಮುಖ ಈ ಕಡೆ ತಿರುಗುತ್ತದೆ.

"ಗಾಳಿ ಹೇಗಿತ್ತೇ?"

"ಅಲುಗಲಿಲ್ಲ ಅತ್ತೆ."

"ಸಂಜೆಗೆ ಯಾರು?"

"ಗಡ್ಡದವರು."

"ಹುಷಾರು ಕಣೇ. ಗಂಟೆ ಬಾರಿಸೋವರೆಗೂ ಇಳೀಬೇಡ. ಆ ಮೂರನೇ ತಿದಿ ತೊಗಲು ಸವೆದಿರುತ್ತೆ, ಮುಂದಿನ ವರ್ಷಕ್ಕೆ ಬದಲಾಯಿಸೋಕೆ ಹೇಳು."

"ಹೇಳ್ತೀನಿ ಅತ್ತೆ."

ಬಿಸಿನೀರಿಡುವ ನೆಪದಲ್ಲಿ ತಿದಿಯಕ್ಕ ಅಡುಗೆಮನೆಗೆ ಬಂದು ಗೋಡೆಗೆ ಒರಗುತ್ತಾರೆ. ಮೋಟಾರಿನ ಸುದ್ದಿ ಇನ್ನೂ ಅತ್ತೆಗೆ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ಈ ಲೇಖನ ಅಚ್ಚಾದರೆ? "ಪೇಪರು ಓದಿ ಹೇಳೋಳು ನಾನೇ ಅಲ್ವಾ. ಆ ಸಾಲುಗಳನ್ನ ಬಿಟ್ಟು ಓದ್ತೀನಿ" ಎಂದು ದನಿ ತಗ್ಗಿಸುತ್ತಾರೆ.

ಅಷ್ಟು ವರ್ಷ ತಿದಿ ಒತ್ತಿಯೂ ಅತ್ತೆಯಾಗಲಿ ಸೊಸೆಯಾಗಲಿ ಆರ್ಗನ್ನನ್ನು ಎದುರಿಗೆ ಕೂತು ಕೇಳಿದವರಲ್ಲ. ಹಿಂದಿನ ಕೋಣೆಯಲ್ಲಿ ಹಲಗೆಯ ಕಿರುಗುಟ್ಟುವಿಕೆಯೇ ಜೋರು, ಸಂಗೀತ ಗೋಡೆಯಾಚೆಗೆ ಹೊರಟುಹೋಗುತ್ತದೆ. ಹಾಗಾದರೆ ಆ ಟಿಕೆಟ್ಟು? ತಿದಿಯಕ್ಕ ಬಹಳ ಹೊತ್ತು ಮಂಡಿ ನೀವಿಕೊಳ್ಳುತ್ತಾರೆ.

"ಬೇಡ ಅಂತಲೇ ಇದ್ದೆ. ಆದ್ರೆ ಹೋಗ್ತೀನಿ. ಮುಂದಿನ ವರ್ಷಾನೂ ಮನೆಗೆ ಬಂದಾಗ ಅತ್ತೆ ಕೇಳ್ತಾರಲ್ಲ, ಗಾಳಿ ಹೇಗಿತ್ತು ಅಂತ. ಅಲುಗಲಿಲ್ಲ ಅಂತ ಹೇಳ್ಬೇಕು. ನಾನೇ ಕೂತು ಕೇಳಿದ್ರೆ, ಅಷ್ಟಾದ್ರೂ ಸುಳ್ಳಾಗಲ್ಲ."